ನಿಂತ ಗಿರಣಿಯ ಕೂಲಿ: ರಾಬರ್ಟ್ ಓವೆನನ ಚರಿತ್ರೆ

ವ್ಯಾಪಾರವು ಚೆನ್ನಾಗಿ ನಡೆಯುವ ಕಾಲದಲ್ಲಿ ಯಜಮಾನನಿಗೆ ಲಾಭವೂ ಕೂಲಿಯವನಿಗೆ ಅನ್ನವೂ ದೊರಕುತ್ತವೆ. ವ್ಯಾಪಾರವು ನಿಂತುಹೋದಾಗಲಾದರೋ ಯಜಮಾನನ ಲಾಭವು ಕಡಿಮೆಯಾಗುವದು. ಕೂಲಿಯವನ ಒಲೆಯೇ ಆರಿಹೋಗುವದು. ಒಬ್ಬನ ಪೆಟ್ಟಿಗೆಯಲ್ಲಿ ಹಿಂದಿನ ವರುಷಗಳ ಉಳಿತಾಯವುಂಟು. ಮತ್ತೊಬ್ಬನ ಮನೆಯಲ್ಲಿ ನಾಳೆಯ ಹಿಟ್ಟೂ ಇಲ್ಲ. ಹೀಗಿರುವಲ್ಲಿ ಕೆಟ್ಟ ವರುಷದ ನಷ್ಟವನ್ನು ಹೊರತಕ್ಕವನು ಯಾವನು? ಈ ಪ್ರಶ್ನೆಗೆ ಇನ್ನೂರಕ್ಕಿಂತ ಹೆಚ್ಚು ವರುಷಗಳ ಹಿಂದೆ ಒಬ್ಬ ಗಿರಣಿಯ ಯಜಮಾನನು ಬಾಯಿಮಾತಿನಿಂದಲ್ಲ, ಹಣದಿಂದಲೇ ಉತ್ತರ ಕೊಟ್ಟನು. ಆತನ ಹೆಸರು ರಾಬರ್ಟ್ ಓವೆನ್. ಆತನ ಜೀವಿತದಲ್ಲಿ ನಾವು ಮೆಚ್ಚತಕ್ಕವುಗಳೂ ಒಪ್ಪಲಾರದವುಗಳೂ ಉಂಟು. ಎರಡನ್ನೂ ಮರೆಮಾಡದೆ ಇಲ್ಲಿ ಬರೆಯುತ್ತೇವೆ.

ಬ್ರಿಟನ್ ದ್ವೀಪದ ಪಶ್ಚಿಮ ಭಾಗದಲ್ಲಿ ವೇಲ್ಸ್ ಎಂಬ ಗುಡ್ಡಗಾಡು ಸೀಮೆಯುಂಟು. ಅಲ್ಲಿಯ ನ್ಯೂಟೌನ್ ಎಂಬ ಚಿಕ್ಕ ಪೇಟೆಯಲ್ಲಿ ಓವೆನನು 1771ನೇ ಇಸವಿಯ ಮೇ 14ರಲ್ಲಿ ಹುಟ್ಟಿದನು. ತಂದೆಯು ಕುದುರೆಗಳಿಗೆ ಜೀನು ಮಾಡುವವನು; ಕಬ್ಬಿಣದ ಸಾಮಾನುಗಳನ್ನೂ ಮಾರಿ, ಊರಿನ ಅಂಚೆಯ ಕೆಲಸವನ್ನೂ ನೋಡಿಕೊಳ್ಳುತ್ತಿದ್ದನು. ಏಳು ಮಂದಿ ಮಕ್ಕಳಲ್ಲಿ ಈತನು ಆರನೆಯವನು. ಶಾಲೆಯಲ್ಲಿ ಬಹು ಚುರುಕಾಗಿದ್ದದರಿಂದ ಏಳನೆಯ ವಯಸ್ಸಿನಲ್ಲಿಯೇ ಚಿಕ್ಕವರಿಗೆ ಪಾಠ ಹೇಳಿಕೊಡುವ ಕೆಲಸವು ಆತನಿಗೆ ದೊರಕಿತು. ಆದರೆ ಹತ್ತನೆಯ ವಯಸ್ಸಿಗೆ ಓದು ಮುಗಿದುಹೋಯಿತು. ಬಾಲಕನು ಮನೆಬಿಟ್ಟು ಲಂಡನಿಗೂ, ಅಲ್ಲಿಂದ ಸ್ಟ್ಯಾಂಫರ್ಡ್ ಎಂಬ ಊರಿಗೂ ಹೋಗಿ, ಮೆಗಫಾಗ್ ಎಂಬ ಜವಳಿ ವ್ಯಾಪಾರಿಯ ಅಂಗಡಿಯಲ್ಲಿ ಕೆಲಸ ಕಲಿಯುವದಕ್ಕೆ ನಿಂತನು. ಒಳ್ಳೇ ಬಟ್ಟೆ ಯಾವದು, ಕಳಪೆ ಯಾವದು ಎಂಬದನ್ನು ಬೆರಳಿನಿಂದ ಮುಟ್ಟಿಯೇ ತಿಳಿಯುವ ವಿದ್ಯೆಯನ್ನು ಆತನು ಅಲ್ಲಿ ಸಂಪಾದಿಸಿದನು.

ಆ ಕಾಲದಲ್ಲಿ ಹತ್ತಿಯ ನೂಲನ್ನು ಮನೆಯ ರಾಟಿಯಿಂದ ತೆಗೆಯುವದು ನಿಂತು, ಯಂತ್ರಗಳಿಂದ ತೆಗೆಯುವದು ಪ್ರಾರಂಭವಾಗಿತ್ತು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪಟ್ಟಣವು ಈ ಹೊಸ ಕಸಬಿನ ನಡುಮನೆಯಾಗಿತ್ತು. ಓವೆನನು ಯೌವನದಲ್ಲಿಯೇ ಅಲ್ಲಿಗೆ ಹೋಗಿ, ಅಣ್ಣನಿಂದ 100 ಪೌಂಡು ಸಾಲ ತಂದು, ಒಬ್ಬ ಯಂತ್ರಗಾರನೊಡನೆ ಕೂಡಿ ನೂಲುವ ಯಂತ್ರಗಳನ್ನು ಮಾಡಿಸತೊಡಗಿದನು. ಇಪ್ಪತ್ತರ ಪ್ರಾಯದಲ್ಲಿ ಡ್ರಿಂಕ್‌ವಾಟರ್ ಎಂಬ ಧನಿಕನ ಗಿರಣಿಗೆ ಮೇಲ್ವಿಚಾರಕನಾದನು. ಅಲ್ಲಿ ಗಂಡಸರೂ ಹೆಂಗಸರೂ ಮಕ್ಕಳೂ ಸೇರಿ ಸುಮಾರು 500 ಮಂದಿ ಕೆಲಸ ಮಾಡುತ್ತಿದ್ದರು. ಯಜಮಾನರು ಯಂತ್ರಗಳಿಗೆ ಎಣ್ಣೆ ಹಾಕಿ ಒರಸಿ ಜೋಪಾನ ಮಾಡುವದನ್ನೂ, ಯಂತ್ರದ ಬಳಿಯಲ್ಲಿ ನಿಂತಿರುವ ಮನುಷ್ಯನನ್ನು ಮಾತ್ರ ಯಾರೂ ಜೋಪಾನ ಮಾಡದಿರುವದನ್ನೂ ಆತನು ಕಂಡನು. ಈ ವಿಚಾರವು ಮುಂದೆ ಆತನ ಮನಸ್ಸನ್ನು ಬಿಡಲೇ ಇಲ್ಲ.

ಸ್ಕಾಟ್ಲೆಂಡಿನಲ್ಲಿ ಕ್ಲೈಡ್ ನದಿಯು ಬಂಡೆಗಳ ಮೇಲಿಂದ ಧುಮುಕಿ ಹರಿಯುವ ಒಂದು ಕಣಿವೆಯುಂಟು. ಡೇವಿಡ್ ಡೇಲ್ ಎಂಬ ಗ್ಲಾಸ್ಗೋ ಪಟ್ಟಣದ ವರ್ತಕನು ಆ ನೀರಿನ ಬಲದಿಂದ ಚಕ್ರಗಳನ್ನು ತಿರುಗಿಸಿ ನೂಲುವ ಗಿರಣಿಗಳನ್ನು ಕಟ್ಟಿಸಿದನು. 1786ರಲ್ಲಿ ಕೆಲಸವು ಪ್ರಾರಂಭವಾಯಿತು. ಗಿರಣಿಗಳ ಸುತ್ತಲೂ ಬೆಳೆದ ಊರಿಗೆ ನ್ಯೂ ಲ್ಯಾನಾರ್ಕ್ ಎಂದು ಹೆಸರು. ಡೇಲನು ಭಕ್ತಿಯುಳ್ಳವನು, ವಾರದ ದಿನಗಳಲ್ಲಿ ವ್ಯಾಪಾರ ಮಾಡಿ, ಭಾನುವಾರದಲ್ಲಿ ತನ್ನ ಚಿಕ್ಕ ಸಭೆಗೆ ಸಂಬಳವಿಲ್ಲದೆ ಪ್ರಸಂಗ ಮಾಡುತ್ತಿದ್ದನು. 1788ರಲ್ಲಿ ಒಂದು ಗಿರಣಿಯು ಬೆಂಕಿ ಬಿದ್ದು ಸುಟ್ಟುಹೋದಾಗ ಆತನು ಕೆಲಸದವರನ್ನು ಬೀದಿಪಾಲು ಮಾಡದೆ ಅವರ ಸಂಬಳವನ್ನು ನಡೆಸಿದನು. ಆದರೂ ಆ ಕಾಲದ ಪದ್ಧತಿಯಂತೆ ಆತನ ಗಿರಣಿಗಳಲ್ಲಿ ನೂರಾರು ಬಡ ಮಕ್ಕಳು ದುಡಿಯುತ್ತಿದ್ದರು. ಅವರಲ್ಲಿ ಆರೇಳು ವರುಷದ ಶಿಶುಗಳೂ ಇದ್ದರು. ಬೆಳಿಗ್ಗೆ 6 ಗಂಟೆಯಿಂದ ಸಂಜೆ 7 ಗಂಟೆಯ ತನಕ ಕೆಲಸ. ಅದರ ಮೇಲೆ ಶಾಲೆ. ಡೇಲನು ಅವರಿಗೆ ಒಳ್ಳೇ ಊಟವನ್ನೂ ಹಾಸಿಗೆಯನ್ನೂ ಕೊಟ್ಟನು. ದಣಿದ ಮಗುವಿನ ಕಣ್ಣಿಗೆ ನಿದ್ರೆಯನ್ನು ಮಾತ್ರ ಬೇಕಾದಷ್ಟು ಕೊಡಲಾರದೆ ಹೋದನು.

ಓವೆನನು ವ್ಯಾಪಾರದ ನಿಮಿತ್ತ ಗ್ಲಾಸ್ಗೋವಿಗೆ ಹೋಗಿಬರುತ್ತಾ ಡೇಲನ ಮಗಳಾದ ಕ್ಯಾರಲೈನಳ ಪರಿಚಯವನ್ನು ಹೊಂದಿ, 1799ರಲ್ಲಿ ಆಕೆಯನ್ನು ವಿವಾಹವಾದನು. ಅದೇ ವರುಷದಲ್ಲಿ ಆತನೂ ಆತನ ಮ್ಯಾಂಚೆಸ್ಟರಿನ ಪಾಲುಗಾರರೂ ಆ ಗಿರಣಿಗಳನ್ನು 60,000 ಪೌಂಡುಗಳಿಗೆ, 20 ವರುಷಗಳಲ್ಲಿ ತೀರಿಸುವ ಕರಾರಿನ ಮೇಲೆ ಕೊಂಡುಕೊಂಡರು. 1800ನೇ ಇಸವಿಯ ಜನವರಿಯಲ್ಲಿ ಓವೆನನು ಅಲ್ಲಿಯ ಆಡಳಿತವನ್ನು ವಹಿಸಿದನು. ಊರಿನಲ್ಲಿ ಕುಡಿತ, ಕಳವು, ಜಗಳಗಳು ತುಂಬಿದ್ದವು. ಹೊಸ ಯಜಮಾನನು ಅನಾಥಾಲಯಗಳಿಂದ ಮಕ್ಕಳನ್ನು ತರಿಸುವದನ್ನು ನಿಲ್ಲಿಸಿದನು. ಹತ್ತು ವರುಷ ತುಂಬದವರನ್ನು ಗಿರಣಿಗೆ ಸೇರಿಸಕೂಡದೆಂದು ಗೊತ್ತುಮಾಡಿದನು. ಮನೆಗಳನ್ನು ದೊಡ್ಡದು ಮಾಡಿಸಿ ಬೀದಿಗಳನ್ನು ಶುಚಿಗೊಳಿಸಿದನು. ಊರಿನ ಅಂಗಡಿಗಳಲ್ಲಿ ಕೆಟ್ಟ ಸಾಮಾನುಗಳನ್ನು ಹೆಚ್ಚು ಬೆಲೆಗೆ ಸಾಲವಾಗಿ ಮಾರುತ್ತಿದ್ದರು. ಆತನು ಸಗಟಾಗಿ ಒಳ್ಳೇ ದಿನಸಿಯನ್ನು ತರಿಸಿ, ಸ್ವಲ್ಪವೇ ಲಾಭವಿಟ್ಟು ಮಾರಿಸಿ, ಆ ಲಾಭವನ್ನು ಶಾಲೆಗೆ ಉಪಯೋಗಿಸಿದನು.

ಆದಾಗ್ಯೂ ಜನರು ಆತನನ್ನು ನಂಬಲಿಲ್ಲ. ಆತನು ಪರಸೀಮೆಯವನು, ಆತನ ಮಾತಿನ ರೀತಿಯೇ ಬೇರೆ. ಯಜಮಾನನು ಉಪಕಾರ ಮಾಡಿದರೆ ಅದರೊಳಗೆ ತನ್ನ ಲಾಭವೇ ಅಡಗಿರಬೇಕೆಂದು ಕೂಲಿಯವರು ತಮ್ಮಲ್ಲಿ ಮಾತಾಡಿಕೊಂಡರು. ಹಲವು ಯಜಮಾನರ ಕೈಯಲ್ಲಿ ನೊಂದ ಬಡವರು ಹೀಗೆ ಸಂದೇಹಪಡುವದು ಆಶ್ಚರ್ಯವಲ್ಲ. ಹೀಗೆ ಆರೇಳು ವರುಷಗಳು ಕಳೆದವು. ಅಷ್ಟರಲ್ಲಿ ಸಂಕಟವು ಬಂತು.

ಆ ದಿನಗಳಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ಘೋರವಾದ ಯುದ್ಧವು ನಡೆಯುತ್ತಿತ್ತು. ಎರಡು ಪಕ್ಷದವರೂ ಅಮೆರಿಕದ ಹಡಗುಗಳನ್ನು ತಡೆದು ತೊಂದರೆ ಕೊಡುತ್ತಿದ್ದರು. ಆದಕಾರಣ ಅಮೆರಿಕದ ಸರಕಾರವು 1807ರ ಡಿಸೆಂಬರಿನಲ್ಲಿ ತನ್ನ ಹಡಗುಗಳು ಪರದೇಶಗಳಿಗೆ ಸರಕು ಒಯ್ಯಕೂಡದೆಂದು ಕಟ್ಟಳೆ ಮಾಡಿತು. ಬ್ರಿಟನಿನ ಗಿರಣಿಗಳಿಗೆ ಹತ್ತಿಯು ಬಹಳವಾಗಿ ಅಮೆರಿಕದಿಂದಲೇ ಬರುತ್ತಿದ್ದದರಿಂದ ಅದರ ಬೆಲೆಯು ಒಮ್ಮೆಲೇ ಏರಿತು. ಅಷ್ಟು ಬೆಲೆಯ ಹತ್ತಿಯನ್ನು ಕೊಂಡು ನೂಲು ತೆಗೆದರೆ, ಹತ್ತಿಯ ಬೆಲೆ ಇಳಿದ ದಿವಸವೇ ಆ ನೂಲಿನಲ್ಲಿ ದೊಡ್ಡ ನಷ್ಟವಾಗುವದು. ಗಿರಣಿಗಳನ್ನು ನಿಲ್ಲಿಸುವದೇ ಮೇಲೆಂದು ಯಜಮಾನರು ಯೋಚಿಸಿದರು. ಅನೇಕರು ಗಿರಣಿಯ ಬಾಗಿಲು ಹಾಕಿ ಕೆಲಸದವರನ್ನು ಕಳುಹಿಸಿಬಿಟ್ಟರು. ಇದು ಅಂದಿನ ವ್ಯಾಪಾರದ ಮರ್ಯಾದೆಗೆ ವಿರುದ್ಧವಾದದ್ದಲ್ಲ. ಯಾವ ನ್ಯಾಯಾಧೀಶನೂ ಅವರನ್ನು ಪ್ರಶ್ನಿಸುವಂತಿರಲಿಲ್ಲ.

ಓವೆನನೂ ಯಂತ್ರಗಳನ್ನು ನಿಲ್ಲಿಸಿದನು. ಆದರೆ ಒಬ್ಬ ಕೂಲಿಯವನನ್ನಾದರೂ ತೆಗೆದುಹಾಕಲಿಲ್ಲ. ಎಲ್ಲರೂ ಬಂದು ಯಂತ್ರಗಳನ್ನು ತೊಳೆದು ಒರಸಿ, ಯಾವಾಗ ಬೇಕಾದರೂ ತಿರುಗುವಂತೆ ಸಿದ್ಧವಾಗಿಡಬೇಕೆಂದೂ, ಸಂಬಳವು ಮೊದಲಿನಂತೆಯೇ ಪೂರ್ಣವಾಗಿ ಸಲ್ಲುವದೆಂದೂ ಗೊತ್ತುಮಾಡಿದನು. ನಾಲ್ಕು ತಿಂಗಳು ಗಿರಣಿಯಲ್ಲಿ ಒಂದು ಎಳೆ ನೂಲೂ ಹೊರಡಲಿಲ್ಲ. ನಾಲ್ಕು ತಿಂಗಳೂ ಒಂದು ಕಾಸು ಕಡಿಮೆಯಿಲ್ಲದೆ ಸಂಬಳವು ಕೈಗೆ ಸೇರಿತು. ಇದಕ್ಕಾಗಿ ವೆಚ್ಚವಾದ ಹಣವು 7,000 ಪೌಂಡುಗಳಿಗೂ ಹೆಚ್ಚು. ಇದು ಆತನೊಬ್ಬನ ಹಣವಲ್ಲ, ಪಾಲುಗಾರರ ಹಣವೂ ಕೂಡಿತ್ತು. ಲೆಕ್ಕ ಕೇಳಿದರೆ ಉತ್ತರ ಹೇಳಬೇಕಾದವನು ಆತನೇ. ಆದರೂ ಆತನು ಹಿಂಜರಿಯಲಿಲ್ಲ.

ಆತನ ಯೋಚನೆಯು ಬಹು ಸರಳವಾದದ್ದು. ಅಮೆರಿಕದ ಕಟ್ಟಳೆಗೆ ಕೂಲಿಯವರು ಕಾರಣರಲ್ಲ. ಯುದ್ಧವನ್ನು ಹೂಡಿದವರೂ ಅವರಲ್ಲ. ಒಳ್ಳೇ ವರುಷಗಳಲ್ಲಿ ಅವರ ಕೈಗಳಿಂದಲೇ ಗಿರಣಿಯು ಲಾಭ ಪಡೆದಿತ್ತು. ಅವರನ್ನು ಹೊರಗೆ ಹಾಕಿದರೆ ಹಸಿವೂ ರೋಗವೂ ಸಾಲವೂ ಅವರನ್ನು ಮುತ್ತುವವು. ಕೆಲಸ ತಿರಿಗಿ ಪ್ರಾರಂಭವಾದಾಗ ನಿಪುಣರಾದವರು ಚದರಿಹೋಗಿರುವರು. ಹಾಗಾದರೆ ಸಂಗ್ರಹವುಳ್ಳವನು ಸಂಗ್ರಹದಿಂದ ನಷ್ಟವನ್ನು ಹೊರಬೇಕೇ ಹೊರತು, ಏನೂ ಇಲ್ಲದವನ ಬೆನ್ನಿನ ಮೇಲೆ ಅದನ್ನು ಹೇರತಕ್ಕದ್ದಲ್ಲ. ಈ ನಾಲ್ಕು ತಿಂಗಳುಗಳ ತರುವಾಯ ಜನರ ಮನಸ್ಸು ಕರಗಿತು. ಆರೇಳು ವರುಷಗಳ ಉಪದೇಶದಿಂದಲೂ ಸುಧಾರಣೆಯಿಂದಲೂ ಆಗದಿದ್ದದ್ದು ಈ ಒಂದು ಕಾರ್ಯದಿಂದ ಆಯಿತು. ಮುಂದೆ ಆತನು ಹೇಳಿದ ಮಾತನ್ನು ಅವರು ಸಂದೇಹವಿಲ್ಲದೆ ಕೇಳಿದರು.

ಹೀಗೆ ಹಣ ಸುರಿದವನು ದಿವಾಳಿಯಾದನೇ? ಇಲ್ಲ. ಮೂಲಧನಕ್ಕೆ ನೂರಕ್ಕೆ 5ರಂತೆ ಬಡ್ಡಿ ಕೊಟ್ಟ ಮೇಲೂ ಮೊದಲನೆಯ ಹತ್ತು ವರುಷಗಳಲ್ಲಿ 60,000 ಪೌಂಡು ಲಾಭವುಳಿಯಿತೆಂದು ಆತನೇ ಲೆಕ್ಕ ಬರೆದಿಟ್ಟಿದ್ದಾನೆ. ಕೂಲಿಯವನ ಹೊಟ್ಟೆಗೆ ಹಾಕಿದ್ದು ಗಿರಣಿಯನ್ನು ಕೆಡಿಸಲಿಲ್ಲ. ಆದರೂ ಪಾಲುಗಾರರು ಗೊಣಗಿದರು. ಶಾಲೆ ಕಟ್ಟಿಸುವದೂ ಮನೆಗಳನ್ನು ತಿದ್ದಿಸುವದೂ ವ್ಯರ್ಥ ಖರ್ಚೆಂದು ಅವರಿಗೆ ತೋರಿತು. ಒಂದು ಸಾರಿ ಪಾಲುಗಾರರು ಬದಲಾದರು. ಎರಡನೆಯ ಗುಂಪಿನವರೂ ವಿರೋಧಿಸಿದಾಗ 1813ರ ಕೊನೆಯಲ್ಲಿ ಗಿರಣಿಗಳು ಹರಾಜಿಗೆ ಬಂದವು. ಓವೆನನು ಹೊಸ ಪಾಲುಗಾರರನ್ನು ಕೂಡಿಸಿಕೊಂಡು 1,14,100 ಪೌಂಡುಗಳಿಗೆ ಅವುಗಳನ್ನು ಹಿಡಿದನು. ಇವರಲ್ಲಿ ವಿಲಿಯಮ್ ಆಲೆನ್ ಎಂಬ ಕ್ವೇಕರ್ ಸಭೆಯ ಭಕ್ತನೂ, ಜೆರೆಮಿ ಬೆಂಥಮ್ ಎಂಬ ಪಂಡಿತನೂ ಇದ್ದರು. ಮೂಲಧನಕ್ಕೆ ನೂರಕ್ಕೆ 5ಕ್ಕಿಂತ ಹೆಚ್ಚು ತೆಗೆದುಕೊಳ್ಳದೆ, ಉಳಿದ ಲಾಭವನ್ನು ಕೆಲಸದವರ ಮಕ್ಕಳ ವಿದ್ಯೆಗೂ ಜನರ ಹಿತಕ್ಕೂ ಉಪಯೋಗಿಸಬೇಕೆಂದು ಇವರು ಒಪ್ಪಿಕೊಂಡರು. ಓವೆನನು ತಿರಿಗಿ ಬಂದಾಗ ಜನರು ಆತನ ಗಾಡಿಯ ಕುದುರೆಗಳನ್ನು ಬಿಚ್ಚಿ, ತಾವೇ ಗಾಡಿಯನ್ನು ಎಳೆದುಕೊಂಡು ಊರೊಳಗೆ ತಂದರು.

1816ರ ಜನವರಿ 1ರಲ್ಲಿ ಆ ಊರಿನಲ್ಲಿ ದೊಡ್ಡ ವಿದ್ಯಾಲಯವನ್ನು ತೆರೆದರು. ನಡೆಯಲು ಕಲಿತ ಶಿಶುಗಳು ಸಹಾ ಅಲ್ಲಿಗೆ ಬಂದು ಆಡುತ್ತಾ ಹಾಡುತ್ತಾ ಕಲಿಯುತ್ತಿದ್ದರು. ಹೊಡೆಯಕೂಡದು, ಬಯ್ಯಕೂಡದು ಎಂಬದು ಅಲ್ಲಿಯ ನಿಯಮ. ಅದೇ ವರುಷದಲ್ಲಿ ಊಟದ ಹೊತ್ತನ್ನು ಬಿಟ್ಟರೆ ದಿನದ ಕೆಲಸವು 11 ಗಂಟೆಗೂ ಕಡಿಮೆಯಾಯಿತು. ಇಂದಿನ ನಮಗೆ ಇದು ಹೆಚ್ಚೆಂದು ತೋರಿದರೂ ಅಂದಿನ ಗಿರಣಿಗಳಲ್ಲಿ ಇದು ದೊಡ್ಡ ಬಿಡುಗಡೆಯಾಗಿತ್ತು.

ಈ ನಡುವೆ ದೇಶಕ್ಕೆಲ್ಲಾ ಮತ್ತೊಂದು ಸಂಕಟವು ಬಂತು. 1815ರಲ್ಲಿ ಯುದ್ಧವು ಮುಗಿದ ಕೂಡಲೆ ದಂಡಿಗೆ ಬೇಕಾಗಿದ್ದ ಬಟ್ಟೆ, ಕಬ್ಬಿಣ, ಧಾನ್ಯಗಳಿಗೆ ಗಿರಾಕಿಯೇ ಇಲ್ಲದೆಹೋಯಿತು. ಸಾವಿರಾರು ಸಿಪಾಯಿಗಳು ಕೆಲಸ ಹುಡುಕುತ್ತಾ ಮನೆಗೆ ಬಂದರು. ಸಮಾಧಾನ ಬಂದದ್ದೇ ಬಡವರಿಗೆ ಶಿಕ್ಷೆಯಾದಂತಾಯಿತು. ಇದಕ್ಕೆ ಪರಿಹಾರ ಹುಡುಕುತ್ತಿದ್ದ ದೊಡ್ಡವರ ಮುಂದೆ ಓವೆನನು ತನ್ನ ವಿಚಾರವನ್ನಿಟ್ಟನು. ಯಂತ್ರಗಳು ಮನುಷ್ಯರ ಕೆಲಸವನ್ನು ಕಸಕೊಂಡಿವೆ. ಅವುಗಳ ಸಂಪತ್ತು ಕೆಲವರ ಮನೆಯಲ್ಲಿಯೇ ಕೂಡಿದೆ. ಕೂಲಿಯವನ ಕೈಯಲ್ಲಿ ಹಣವಿಲ್ಲದಿದ್ದರೆ ಗಿರಣಿಯ ಬಟ್ಟೆಯನ್ನು ಕೊಳ್ಳುವವರು ಯಾರು? ಇದೇ ಆತನ ವಾದದ ಸಾರ. ತನ್ನ ಊರಿನ ಸುಮಾರು 2,500 ಜನರು ಯಂತ್ರಗಳ ಸಹಾಯದಿಂದ ಹುಟ್ಟಿಸುವಷ್ಟು ಸಂಪತ್ತನ್ನು ಹುಟ್ಟಿಸಲಿಕ್ಕೆ ಐವತ್ತು ವರುಷಗಳ ಮುಂಚೆ 6 ಲಕ್ಷ ಜನರು ಬೇಕಾಗುತ್ತಿತ್ತೆಂದು ಆತನು ಮುಂದೆ ಎಣಿಕೆ ಹಾಕಿದನು. ಹಾಗಾದರೆ ಆ 2,500 ಜನರು ತಿನ್ನುವದಕ್ಕೂ 6 ಲಕ್ಷ ಜನರು ತಿನ್ನುತ್ತಿದ್ದದ್ದಕ್ಕೂ ಇರುವ ವ್ಯತ್ಯಾಸವೆಲ್ಲಾ ಎಲ್ಲಿಗೆ ಹೋಯಿತು ಎಂದು ಆತನು ಕೇಳಿದನು.

ಒಬ್ಬ ಯಜಮಾನನ ಒಳ್ಳೇತನವು ಒಂದು ಊರಿಗೆ ಮಾತ್ರ ಸಾಕಾಗುವದೆಂದು ಓವೆನನು ತಿಳಿದಿದ್ದನು. ಆದದರಿಂದ ಗಿರಣಿಯ ಮಕ್ಕಳನ್ನು ಕಾಯುವ ಕಾನೂನು ಬೇಕೆಂದು ಆತನು ಸರ್ ರಾಬರ್ಟ್ ಪೀಲನೆಂಬ ಮತ್ತೊಬ್ಬ ಗಿರಣಿಯ ಯಜಮಾನನ ಮೂಲಕ ಪಾರ್ಲಿಮೆಂಟಿನಲ್ಲಿ ಪ್ರಯತ್ನಿಸಿದನು. 1819ರಲ್ಲಿ ಕಾನೂನಾಯಿತು. ಹತ್ತಿಯ ಗಿರಣಿಗಳಲ್ಲಿ 9 ವರುಷ ತುಂಬದವರು ದುಡಿಯಕೂಡದು. 16 ವರುಷದೊಳಗಿನವರು ದಿನಕ್ಕೆ 12 ಗಂಟೆಗಿಂತ ಹೆಚ್ಚು ದುಡಿಯಕೂಡದು. ಓವೆನನು ಕೇಳಿದ್ದಕ್ಕಿಂತ ಇದು ಬಹಳ ಕಡಿಮೆ. ಇದನ್ನು ನೋಡಿಕೊಳ್ಳುವ ಸಂಬಳದ ಅಧಿಕಾರಿಗಳು 1833ರ ಕಾನೂನಿನ ತನಕ ನೇಮಕವಾಗಲಿಲ್ಲ.

ಇನ್ನು ಆತನ ಕುಂದುಗಳನ್ನು ಹೇಳಬೇಕು. ಮನುಷ್ಯನ ಗುಣವನ್ನು ಅವನ ಸುತ್ತಲಿನ ಸ್ಥಿತಿಗತಿಗಳೇ ಮಾಡುತ್ತವೆ ಎಂದು ಓವೆನನು ದೃಢವಾಗಿ ನಂಬಿದ್ದನು. 1817ರಲ್ಲಿ ಲಂಡನಿನ ದೊಡ್ಡ ಕೂಟದಲ್ಲಿ, ಎಲ್ಲಾ ಮತಗಳೂ ಮನುಷ್ಯರನ್ನು ತಪ್ಪು ದಾರಿಯಲ್ಲಿ ನಡೆಸಿವೆಯೆಂದು ಬಹಿರಂಗವಾಗಿ ಸಾರಿದನು. ಆ ಮೇಲೆ ಅನೇಕ ಸ್ನೇಹಿತರು ಆತನನ್ನು ಬಿಟ್ಟರು. ಆಲೆನನೊಡನೆಯೂ ಶಾಲೆಯ ವಿಷಯದಲ್ಲಿ ವಿವಾದವಾಯಿತು. ಮನುಷ್ಯನ ಪಾಪವು ಒಳ್ಳೇ ಮನೆಯಿಂದಲೂ ಒಳ್ಳೇ ಶಾಲೆಯಿಂದಲೂ ಮಾತ್ರ ನೀಗುವದೆಂದು ನಾವು ನಂಬಲಾರೆವು. ಆದರೆ ಸಮಾರ್ಯದವನ ಸಾಮ್ಯವನ್ನು ಬಲ್ಲ ನಾವು ಒಂದನ್ನು ಒಪ್ಪಿಕೊಳ್ಳಲೇ ಬೇಕು. ದಾರಿಯಲ್ಲಿ ಬಿದ್ದವನನ್ನು ಎತ್ತಿದವನು ಯಾರ ಆಲಯದವನೆಂದು ಕರ್ತನು ಅಲ್ಲಿ ವಿಚಾರಿಸಲಿಲ್ಲ. ಗಿರಣಿಗೆ ಬೀಗ ಹಾಕಿ, ಭಾನುವಾರ ಸಭೆಯ ಮುಂದಿನ ಸಾಲಿನಲ್ಲಿ ಕೂತ ಯಜಮಾನನಿಗಿಂತ ಓವೆನನೇ ಆ ದಿವಸ ನೆರೆಯವನಾಗಿದ್ದನು.

ಇನ್ನೊಂದು ಕುಂದುಂಟು. ನ್ಯೂ ಲ್ಯಾನಾರ್ಕಿಗೆ ಬಂದ ಅಮೆರಿಕದ ಹತ್ತಿಯು ದಾಸರಾಗಿ ಮಾರಲ್ಪಟ್ಟ ಆಫ್ರಿಕದ ಜನರ ಬೆವರಿನಿಂದ ಬೆಳೆದದ್ದು. ಗಿರಣಿಯವರಿಗೆ ನಾಲ್ಕು ತಿಂಗಳು ಬಿಟ್ಟಿ ಸಂಬಳ ಕೊಟ್ಟ ಕೈಯು ಹೊಲದಲ್ಲಿ ಹತ್ತಿ ಬಿಡಿಸಿದವರ ತನಕ ಚಾಚಲಿಲ್ಲ. ಕಣ್ಣಿಗೆ ಕಾಣುವ ಕೂಲಿಯವನಿಗೆ ನ್ಯಾಯ ಮಾಡಿ, ಕಾಣದವನನ್ನು ಮರೆಯುವದು ಒಳ್ಳೆಯವರಿಗೂ ಸುಲಭವಾಗಿ ಬರುವ ತಪ್ಪು. ಇದಲ್ಲದೆ ಊರಿನ ಆಡಳಿತವೆಲ್ಲಾ ಆತನ ಇಷ್ಟದಂತೆಯೇ ನಡೆಯಿತು. ತಂದೆಯು ಮಕ್ಕಳಿಗೆ ಮಾಡುವಂತೆ ಆತನು ಮಾಡಿದನು. ಕೂಲಿಯವರನ್ನು ಆಲೋಚನೆಗೆ ಕರೆಯುವದು ಆತನಿಗೆ ತೋಚಲಿಲ್ಲ.

1825ರಲ್ಲಿ ಓವೆನನು ಅಮೆರಿಕದ ಇಂಡಿಯಾನ ಸೀಮೆಯಲ್ಲಿ ನ್ಯೂ ಹಾರ್ಮನಿ ಎಂಬ ಊರನ್ನೇ ಕೊಂಡುಕೊಂಡು, ಎಲ್ಲರೂ ಸಮಾನರಾಗಿ ಬಾಳುವ ಸಮಾಜವನ್ನು ಕಟ್ಟಲು ಯತ್ನಿಸಿದನು. ಬಂದವರನ್ನೆಲ್ಲಾ ಸೇರಿಸಿಕೊಂಡದ್ದರಿಂದ ಮಾತಾಡುವವರು ಹೆಚ್ಚಾಗಿ, ಕಸಬು ಬಲ್ಲವರು ಕಡಿಮೆಯಾದರು. ಎರಡು ವರುಷಗಳೊಳಗೆ ಜಗಳಗಳಿಂದ ಅದು ಮುರಿದುಹೋಯಿತು. ಆತನ ಆಸ್ತಿಯ ಬಹುಭಾಗವು ಅಲ್ಲಿಯೇ ಮುಳುಗಿತು. ಆದರೂ ಆತನು ಮನಗುಂದದೆ, ಉಳಿದ ಮೂವತ್ತು ವರುಷಗಳನ್ನು ಕೆಲಸಗಾರರ ಸಂಘಗಳಿಗಾಗಿಯೂ ಸಹಕಾರದ ಪ್ರಚಾರಕ್ಕಾಗಿಯೂ ಕಳೆದನು. 1858ರ ನವೆಂಬರ್ 17ರಲ್ಲಿ, ತಾನು ಹುಟ್ಟಿದ ನ್ಯೂಟೌನಿನಲ್ಲಿಯೇ ತನ್ನ 87ನೆಯ ವಯಸ್ಸಿನಲ್ಲಿ ತೀರಿಹೋದನು. ಆತನ ದೇಹವನ್ನು ತಂದೆತಾಯಿಗಳ ಸಮಾಧಿಯ ಬಳಿಯಲ್ಲಿ ಹೂಣಿಟ್ಟರು.

ಆತನು ಬಿತ್ತಿದ ಬೀಜವು ಬೇರೆಯವರ ಹೊಲದಲ್ಲಿ ಬೆಳೆಯಿತು. 1844ರಲ್ಲಿ ಇಂಗ್ಲೆಂಡಿನ ರಾಕ್ಡೇಲ್ ಎಂಬ ಊರಿನಲ್ಲಿ 28 ಮಂದಿ ನೇಕಾರರೂ ಇತರ ಬಡ ಕಸಬಿನವರೂ ತಲೆಗೊಂದು ಪೌಂಡು ಕೂಡಿಸಿ, ಕಲಬೆರಕೆಯಿಲ್ಲದ ದಿನಸಿಯನ್ನು ಮಾರುವ ತಮ್ಮದೇ ಅಂಗಡಿಯನ್ನು ತೆರೆದರು. ಅವರಲ್ಲಿ ಹಲವರು ಓವೆನನ ವಿಚಾರಗಳನ್ನು ಕೇಳಿದವರು. ಯಜಮಾನನ ಕೃಪೆಗೆ ಕಾಯದೆ, ಕೊಳ್ಳುವವರೇ ಲಾಭವನ್ನು ಹಂಚಿಕೊಂಡರು. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಶಿದ್ದನಗೌಡ ಪಾಟೀಲರು ಸ್ಥಾಪಿಸಿದ ಪತ್ತಿನ ಸಂಘವು ಜರ್ಮನಿಯ ಮಾದರಿಯನ್ನು ಅನುಸರಿಸಿದ್ದಾದರೂ, ಬಡವರು ಕೂಡಿಕೊಂಡು ತಮ್ಮ ಕಷ್ಟವನ್ನು ತಾವೇ ಹೊರುವ ಆ ವಿಚಾರವು ಇದಕ್ಕೆ ಸಹೋದರನಂತಿದೆ. ನ್ಯೂ ಲ್ಯಾನಾರ್ಕಿನ ಗಿರಣಿಗಳು 1968ರ ತನಕ ನಡೆದು ನಿಂತವು. 2001ರಲ್ಲಿ ಯುನೆಸ್ಕೋ ಸಂಸ್ಥೆಯು ಆ ಊರನ್ನು ಲೋಕದ ಪರಂಪರೆಯ ಸ್ಥಳಗಳಲ್ಲಿ ಒಂದಾಗಿ ಎಣಿಸಿತು.

ಪ್ರಿಯ ವಾಚಕರೇ, ಇದು ಹಳೆಯ ಕಾಲದ ಕಥೆಯೆಂದು ಬದಿಗಿಡಬೇಡಿರಿ. 2020ರ ಮಾರ್ಚ್ ತಿಂಗಳಲ್ಲಿ ರೋಗದ ನಿಮಿತ್ತ ನಮ್ಮ ದೇಶದ ಕೆಲಸಗಳೆಲ್ಲಾ ಒಮ್ಮೆಲೇ ನಿಂತಾಗ, ಮುಚ್ಚಿದ ದಿನಗಳಿಗೂ ಸಂಬಳ ಕೊಡಬೇಕೆಂದು ಸರಕಾರವು ಅಪ್ಪಣೆ ಮಾಡಿ, ಮೇ ತಿಂಗಳಲ್ಲಿ ಆ ಅಪ್ಪಣೆಯನ್ನು ಕೈಬಿಟ್ಟಿತು. ಪಟ್ಟಣಗಳಿಂದ ಗಂಟುಮೂಟೆ ಹೊತ್ತು, ಮಕ್ಕಳ ಕೈಹಿಡಿದು, ನೂರಾರು ಮೈಲಿ ನಡೆದ ಜನರನ್ನು ನಾವು ಕಂಡೆವು. ಅವರ ದುಡಿಮೆಯಿಂದ ಕಟ್ಟಿದ ಮನೆಗಳು ಹಿಂದೆ ನಿಂತಿದ್ದವು. ಅವರಿಗೆ ಮಾತ್ರ ನೆರಳಿಲ್ಲದೆಹೋಯಿತು. ಚಿಕ್ಕ ಅಂಗಡಿಯವನು ತಾನೇ ಹಸಿದಿದ್ದರೆ ಅವನಿಂದ ಇಲ್ಲದ್ದನ್ನು ಕೇಳಲಾಗದು. ಆದರೆ ವರುಷಗಟ್ಟಲೆ ಲಾಭವನ್ನು ಕೂಡಿಸಿದವನು ಮೊದಲನೆಯ ತಿಂಗಳಲ್ಲಿಯೇ ಬಾಗಿಲು ಹಾಕಿದರೆ ಅದನ್ನು ನಿರುಪಾಯವೆನ್ನಬಹುದೇ?

ನಮ್ಮಲ್ಲಿ ಗಿರಣಿಯ ಯಜಮಾನರು ಕೆಲವರೇ. ಆದರೂ ನಾಲ್ಕು ಎಕರೆಯ ಒಕ್ಕಲಿಗನೂ ಸುಗ್ಗಿಗೆ ಆಳುಗಳನ್ನು ಕರೆಯುತ್ತಾನೆ. ಎರಡು ಮಗ್ಗ ಉಳ್ಳವನು ಮತ್ತೊಬ್ಬ ನೇಕಾರನನ್ನು ಕೂರಿಸುತ್ತಾನೆ. ದ್ರಾಕ್ಷಾತೋಟದ ಸಾಮ್ಯದಲ್ಲಿ ದಿನವೆಲ್ಲಾ ಪೇಟೆಯಲ್ಲಿ ನಿಂತಿದ್ದವರು ಸೋಮಾರಿಗಳಲ್ಲ. ಅವರನ್ನು ಕೆಲಸಕ್ಕೆ ಕರೆಯುವವರು ಇರಲಿಲ್ಲ. ಮಳೆ ಹೋದ ವರುಷದಲ್ಲಿ, ಮಗ್ಗ ನಿಂತ ತಿಂಗಳಲ್ಲಿ, ಒಳ್ಳೇ ದಿನಗಳಲ್ಲಿ ನಮ್ಮೊಡನೆ ದುಡಿದವನ ಒಲೆ ಉರಿಯುತ್ತದೋ ಎಂದು ನೋಡುವದು ಧರ್ಮಕ್ಕೆ ಕೊಡುವ ಭಿಕ್ಷೆಯಲ್ಲ, ತೀರಿಸಬೇಕಾದ ಸಾಲ. ಅವನಿಗೆ ಸಲ್ಲತಕ್ಕ ಕೂಲಿಯೊಳಗೆ ಅವನ ಕೆಟ್ಟ ದಿನಗಳ ಪಾಲೂ ಸೇರಿದೆ.